ಹದಿನಾಲ್ಕು ನಿದ್ದೆ, ಒಂದು ಎಚ್ಚರ

ಐವತ್ತು ದಾಟಿದವನು ಪೇಟೆಗೆ ಹೊರಡುವ ಮುನ್ನ ಒಮ್ಮೆ ಬಚ್ಚಲಿಗೆ ಹೋಗಿ ಬರಬೇಕು. ಈ ಸಣ್ಣ ನಿಯಮವನ್ನು ಮರೆತ ಒಂದೇ ಕಾರಣಕ್ಕೆ ನಾನು ಕಳೆದ ತಿಂಗಳು ಕಲಾಪ್ರಪಂಚವನ್ನು ಪ್ರವೇಶಿಸಬೇಕಾಯಿತು.

ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಕನ್ನಡಕದ ಕಡ್ಡಿ ಸರಿಮಾಡಿಸಿಕೊಂಡು ಬರುತ್ತಿದ್ದೆ. ಆ ಬೀದಿಯಲ್ಲಿ ಮೊದಲು ಬಟ್ಟೆಯ ಗೋದಾಮುಗಳಿದ್ದವು. ಈಗ ಅವೇ ಗೋದಾಮುಗಳಿಗೆ ಬಿಳಿ ಬಣ್ಣ ಬಳಿದು, ಸೂರಿನಿಂದ ದೀಪ ಇಳಿಬಿಟ್ಟು, ನಾಲ್ಕು ಆರ್ಟ್ ಗ್ಯಾಲರಿ ಮಾಡಿದ್ದಾರೆ. ಹತ್ತು ವರ್ಷದಿಂದ ಅವುಗಳ ಮುಂದೆ ಓಡಾಡಿದ್ದೇನೆ, ಒಂದರ ಹೊಸ್ತಿಲನ್ನೂ ತುಳಿದವನಲ್ಲ. ಅಂದು ಮಾತ್ರ ಹೊಟ್ಟೆಯ ಕೆಳಭಾಗದಿಂದ ಒಂದು ಸುತ್ತೋಲೆ ಬಂತು. ಅದರಲ್ಲಿ 'ತಕ್ಷಣ' ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿತ್ತು. ಕಣ್ಣಿಗೆ ಕಂಡ ಮೊದಲ ಗಾಜಿನ ಬಾಗಿಲನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ.

ಮೇಜಿನ ಹಿಂದೆ ಎತ್ತರದ ಹೆಂಗಸೊಬ್ಬರು, ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ಕಟ್ಟಿಕೊಂಡು ಕೂತಿದ್ದರು. ಆ ಗ್ಯಾಲರಿಯ ಒಡತಿ ಅವರೇ. "ಬನ್ನಿ, ಎಡಗಡೆಯಿಂದ ಶುರು ಮಾಡಿ" ಎಂದರು. ನಾನು ಟಾಯ್ಲೆಟ್ಟಿನಿಂದ ಶುರು ಮಾಡುವುದಾಗಿ ಹೇಳಿದೆ. ನಗು ಕಿಂಚಿತ್ತೂ ಕಡಿಮೆಯಾಗದಂತೆ ಹಿಂದುಗಡೆ ಕೈ ತೋರಿಸಿದರು. (ನನ್ನಂಥ ಕಲಾಪ್ರೇಮಿಗಳು ದಿನಕ್ಕೆ ಎಷ್ಟು ಜನ ಬರುತ್ತಾರೋ.)

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಒಳಗಿದ್ದ ಪುಣ್ಯಾತ್ಮ ನಲ್ಲಿ ತೆರೆಯುವುದು, ನಿಲ್ಲಿಸುವುದು, ಮತ್ತೆ ತೆರೆಯುವುದು ಮಾಡುತ್ತಿದ್ದ. ಆ ನೀರಿನ ಸದ್ದು ನನ್ನಂಥ ಸ್ಥಿತಿಯಲ್ಲಿರುವವನಿಗೆ ಏನು ಮಾಡುತ್ತದೆ ಎಂದು ವಿವರಿಸುವುದು ಬೇಡ. ಪಕ್ಕದ ಗೋಡೆಗೆ ಒರಗಿದೆ. ಕಾಲ ಮೇಲೆ ಕಾಲು ಹೆಣೆದೆ. ಕತ್ತನ್ನು ಎಡಭುಜಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ಒಂದು, ಎರಡು ಎಂದು ಎಣಿಸತೊಡಗಿದೆ.

ಮೂವತ್ತೇಳಕ್ಕೆ ಕಣ್ಣು ಬಿಟ್ಟರೆ ಎದುರಿಗೆ ಮೂರು ಜನ ನಿಂತಿದ್ದರು. ನನ್ನ ಮುಖ ನೋಡುತ್ತಾರೆ, ನನ್ನ ತಲೆಯ ಮೇಲೆ ನೋಡುತ್ತಾರೆ, ಮತ್ತೆ ಮುಖ ನೋಡುತ್ತಾರೆ. ಊರುಗೋಲಿನ ಹಿರಿಯರೊಬ್ಬರು, "ಅದೇ. ಅನುಮಾನವೇ ಇಲ್ಲ" ಎಂದು ತೀರ್ಪಿತ್ತರು. ಪಕ್ಕದ ಹೆಂಗಸು ದನಿ ತಗ್ಗಿಸಿ, "ಇವರನ್ನೂ ಪ್ರದರ್ಶನಕ್ಕೆ ಅಂತಾನೇ ನಿಲ್ಲಿಸಿದಾರಾ?" ಎಂದು ವಿಚಾರಿಸಿದರು.

ನಾನು ತಿರುಗಿ ನೋಡಿದೆ.

ಗೋಡೆಯ ಮೇಲೆ ಅರ್ಧ ಬಾಗಿಲಿನಷ್ಟು ದೊಡ್ಡ ವರ್ಣಚಿತ್ರ. ಅದರೊಳಗೆ ಒಂದು ಬೆತ್ತದ ಆರಾಮ ಕುರ್ಚಿ. ಕುರ್ಚಿಯಲ್ಲಿ ಬನಿಯನ್ನಿನ ಮನುಷ್ಯ, ಕತ್ತು ಎಡಭುಜಕ್ಕೆ, ಬಾಯಿ ಅರ್ಧ ತೆರೆದದ್ದು, ಹೊಟ್ಟೆಯ ಮೇಲೆ ಟೀವಿಯ ರಿಮೋಟು. ಬನಿಯನ್ನಿನಲ್ಲಿ ಪಕ್ಕೆಯ ಹತ್ತಿರ ಒಂದು ತೂತು. ಆ ತೂತಿನ ಪರಿಚಯ ನನಗೆ ವೈಯಕ್ತಿಕವಾಗಿ ಇತ್ತು. ಚಿತ್ರದ ಕೆಳಗೆ ಒಂದು ಚೀಟಿ, ಚೀಟಿಯಲ್ಲಿ 'ಒಂಬತ್ತು'.

ಅಷ್ಟರಲ್ಲಿ ಚಿಲಕ ತೆಗೆದ ಸದ್ದಾಯಿತು. ಅವಮಾನಕ್ಕೂ ಒಂದು ಸರದಿ ಎಂಬುದಿದೆ, ದೇಹದ್ದು ಅದಕ್ಕಿಂತ ಮುಂದೆ ನಿಂತಿತ್ತು. ನಾನು ಒಳಗೆ ಹೋದೆ. ಹೊರಗೆ ಬಂದಾಗ ಮೂರಿದ್ದ ಜನ ಆರಾಗಿದ್ದರು.

ಒಂಬತ್ತು ಇದ್ದ ಮೇಲೆ ಒಂದರಿಂದ ಎಂಟೂ ಇರಲೇಬೇಕಲ್ಲ. ಇದ್ದವು. ಹದಿನಾಲ್ಕರ ತನಕ ಇದ್ದವು. ಬೋರಲು ಮಲಗಿದ ನಾನು, ಅಂಗಾತ ಮಲಗಿದ ನಾನು, ಸೋಫಾದಿಂದ ಒಂದು ಕಾಲು ಇಳಿಬಿಟ್ಟ ನಾನು. ಏಳನೆಯದರಲ್ಲಂತೂ ಮುಖವೇ ಇಲ್ಲ, ಚಾದರದ ತುದಿಯಿಂದ ಎರಡು ಪಾದ ಮಾತ್ರ. ಆ ಪಾದಗಳ ಮುಂದೆ ಇಬ್ಬರು ಯುವತಿಯರು ಹತ್ತು ನಿಮಿಷ ನಿಂತು 'ಏಕಾಂತ', 'ಶರಣಾಗತಿ' ಎಂದೆಲ್ಲ ಮಾತಾಡಿಕೊಂಡರು. ನನಗೆ ಕಂಡದ್ದು ಕತ್ತರಿಸದ ಉಗುರು.

ಬಾಗಿಲಲ್ಲಿ ಒಡತಿ ಒಂದು ಕರಪತ್ರ ಕೊಟ್ಟರು. 'ನಮ್ಮ ಬಡಾವಣೆಯ ಗ್ಯಾಲರಿಗಳಲ್ಲಿ ಈ ತಿಂಗಳು' ಎಂದು ಅದರ ತಲೆಬರಹ. ನಾಲ್ಕನೆಯ ಸಾಲು ಹೀಗಿತ್ತು: 'ಭಾನುವಾರ, ಎರಡರಿಂದ ನಾಲ್ಕು: ಗೃಹಿಣಿಯೊಬ್ಬರ ಹದಿನಾಲ್ಕು ಚಿತ್ರಗಳು.' ಈ ಕರಪತ್ರ ಎರಡು ವಾರದಿಂದ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಅಂಟಿಕೊಂಡಿತ್ತು. ನಾನು ಓದಿಯೂ ಇದ್ದೆ. 'ಭಾನುವಾರ, ಎರಡರಿಂದ ನಾಲ್ಕು' ಎಂಬುದೇ ಪ್ರದರ್ಶನದ ಹೆಸರು ಎಂದು ನನಗೆ ಹೊಳೆದಿರಲಿಲ್ಲ. ವೇಳೆಯೆಂದುಕೊಂಡು, ಭಾನುವಾರ ಎರಡರಿಂದ ನಾಲ್ಕರವರೆಗೆ ನನಗೆ ಬೇರೆ ಕೆಲಸವಿದೆ, ಬರಲಾಗದು ಎಂದು ಹೆಂಡತಿಗೆ ವಿಷಾದ ತಿಳಿಸಿದ್ದೆ. (ಆ ಬೇರೆ ಕೆಲಸ ಯಾವುದೆಂದು ಈಗ ಇಡೀ ಬಡಾವಣೆಗೆ ಗೊತ್ತು.)

ಇವಳು ಚಿತ್ರ ಬರೆಯುವುದು ನನಗೆ ತಿಳಿಯದ ವಿಷಯವೇನಲ್ಲ. ಎರಡು ವರ್ಷದಿಂದ ವಾರಕ್ಕೆ ಮೂರು ಸಂಜೆ ಚಿತ್ರಕಲೆಯ ತರಗತಿಗೆ ಹೋಗುತ್ತಿದ್ದಾಳೆ. ಅಲ್ಲಿನ ಮೇಷ್ಟ್ರು, ಮೊದಲು ಅಲುಗಾಡದ ವಸ್ತುವನ್ನು ಇಟ್ಟುಕೊಂಡು ಬರೆಯಿರಿ ಎಂದರಂತೆ. ಹಣ್ಣು ಇಟ್ಟಳು, ಅರ್ಧ ಬರೆಯುವಷ್ಟರಲ್ಲಿ ನಾನು ತಿಂದೆ. ಹೂವು ಇಟ್ಟಳು, ಮೂರು ದಿನಕ್ಕೆ ಬಾಡಿತು. ಮನೆಯಲ್ಲಿ ಅಲುಗಾಡದೆ, ಬಾಡದೆ, ಯಾರೂ ತಿನ್ನದೆ ಇರುವ ಇನ್ನೊಂದು ವಸ್ತುವಿಗಾಗಿ ಅವಳು ಸುತ್ತ ಕಣ್ಣು ಹಾಯಿಸಿರಬೇಕು.

ಮನೆಗೆ ಬಂದವನೇ ನ್ಯಾಯ ಕೇಳಿದೆ.

"ನನ್ನ ಒಂದು ಮಾತು ಕೇಳಬಾರದಿತ್ತಾ?"

ಅವಳು ಕುಂಚ ತೊಳೆಯುತ್ತಿದ್ದಳು. "ಕೇಳಿದ್ನಲ್ಲ. ಪ್ರತಿ ಸಲಾನೂ ಕೇಳಿದೀನಿ. ಬರೀಲಾ ಅಂತ."

"ನಾನೇನಂದೆ?"

"ಹೂಂ ಅಂದ್ರಿ."

"ಯಾವಾಗ ಅಂದೆ?"

"ಆಗಲೇ. ನಿದ್ದೇಲಿ."

ಮೌನವನ್ನು ಸಮ್ಮತಿ ಎಂದು ತಿಳಿಯಬೇಕೆಂದು ಹಿರಿಯರು ಹೇಳಿದ್ದಾರೆ. ಗೊರಕೆಯ ಬಗ್ಗೆ ಅವರು ಏನನ್ನೂ ಹೇಳಿಲ್ಲ. ಆ ಕೊರತೆಯನ್ನು ನನ್ನ ಹೆಂಡತಿ ತುಂಬಿದ್ದಳು. ನಾನು ಬನಿಯನ್ನಿನ ತೂತಿನ ಪ್ರಶ್ನೆ ಎತ್ತಿದೆ. ಹೊಲಿದುಕೊಡುತ್ತೇನೆ ಎಂದಾಗ 'ಬಿಡು, ಗಾಳಿ ಆಡುತ್ತೆ' ಎಂದವರು ಯಾರು ಎಂದಳು. ಅದು ನಾನೇ. ವಿಚಾರಣೆ ಅಲ್ಲಿಗೆ ಮುಗಿಯಿತು.

ಮುಗಿದಿದ್ದರೆ ಈ ಕಥೆಯೂ ಅಲ್ಲಿಗೆ ಮುಗಿಯುತ್ತಿತ್ತು. ಮಾರನೆಯ ದಿನ ಗ್ಯಾಲರಿಯ ಒಡತಿ ಫೋನ್ ಮಾಡಿದರು. ಅವರ ಗ್ಯಾಲರಿಗೆ ಬೀದಿಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿಯೊಂದಿದೆ. ಅದರಲ್ಲಿ ತಿಂಗಳಿಗೆ ಒಂದೇ ಚಿತ್ರ ಇಡುತ್ತಾರೆ. ಬರುವ ತಿಂಗಳು ಅಲ್ಲಿ ಒಂಬತ್ತನೆಯದನ್ನು ಇಡಬೇಕೆಂದು ಅವರ ಆಸೆ. ಆದರೆ ಅವರದೊಂದು ಕಟ್ಟುನಿಟ್ಟಾದ ಪದ್ಧತಿಯುಂಟು. ಒಳಗಡೆ ಯಾರನ್ನು ಬೇಕಾದರೂ ತೂಗುಹಾಕುತ್ತಾರೆ, ಬೀದಿಗೆ ಕಾಣುವಂತೆ ತೂಗುಹಾಕಬೇಕಾದರೆ ಮಾತ್ರ ಚಿತ್ರದಲ್ಲಿರುವ ಮನುಷ್ಯ ಕಾಗದಕ್ಕೆ ಸಹಿ ಹಾಕಿಕೊಡಬೇಕು. ಶುಕ್ರವಾರ ಸಂಜೆಯೊಳಗೆ ಸಹಿ ಬರದಿದ್ದರೆ ಕಿಟಕಿ ಅದೇ ತರಗತಿಯ ಇನ್ನೊಬ್ಬಾಕೆಯ ಹೂಕುಂಡಕ್ಕೆ ಹೋಗುತ್ತದೆ. ಹೂಕುಂಡದ ಸಹಿ ಯಾರೂ ಕೇಳುವುದಿಲ್ಲ.

ಸೋಮವಾರ ಊಟದ ಮೇಜಿನ ಮೇಲೆ ಕಾಗದ ಬಂತು, ಅದರ ಮೇಲೊಂದು ಪೆನ್ನು. ಅವಳು ವಿಷಯವನ್ನು ಒಂದೇ ಸಲ ಹೇಳಿದಳು, ಎರಡನೆಯ ಸಲ ಹೇಳಲಿಲ್ಲ. ಜಗಳವಾಡುವ ಹೆಂಡತಿಯನ್ನು ಎದುರಿಸುವುದು ಹೇಗೆಂದು ನನಗೆ ಇಪ್ಪತ್ತಾರು ವರ್ಷದ ಅನುಭವವಿದೆ. ಮೇಜು ಒರೆಸುವಾಗ ಆ ಕಾಗದವನ್ನು ಎತ್ತಿ, ಕೆಳಗೆ ಒರೆಸಿ, ಮತ್ತೆ ಅದೇ ಜಾಗಕ್ಕೆ ನೇರವಾಗಿ ಇಟ್ಟು ಸುಮ್ಮನೆ ಹೋಗುವವಳನ್ನು ಎದುರಿಸುವ ವಿದ್ಯೆ ನನ್ನಲ್ಲಿರಲಿಲ್ಲ.

ಮಗಳು ನನ್ನನ್ನು ಮೂಲೆಗೆ ಕರೆದಳು. (ಅವಳು ಇನ್ನೇನು ಕಾನೂನು ಓದಿ ಮುಗಿಸುವವಳು. ಮನೆಯಲ್ಲಿ ಪ್ರತಿವಾದಿ ನಾನೊಬ್ಬನೇ ಆದ್ದರಿಂದ ಅಭ್ಯಾಸವೆಲ್ಲ ನನ್ನ ಮೇಲೆ.)

"ಅಪ್ಪಾ, ಅಮ್ಮ ಆ ಕಿಟಕಿ ಮುಂದೆ ನಿಂತು ಏನು ಮಾಡ್ತಿದ್ಲು ಗೊತ್ತಾ? ಗಾಜಲ್ಲಿ ಕೂದಲು ಸರಿ ಮಾಡ್ಕೊಳ್ಳೋ ಥರ ನಟನೆ ಮಾಡ್ತಾ, ಗೇಣಲ್ಲಿ ಅಳೀತಿದ್ಲು. ಉದ್ದ ಆರು ಗೇಣು, ಅಗಲ ನಾಲ್ಕು. ಚಿತ್ರ ಸರಿಯಾಗಿ ಕೂರುತ್ತಂತೆ."

ಆದರೆ ನನ್ನ ಕಷ್ಟ ಓದುಗರಿಗಾದರೂ ಅರ್ಥವಾಗಬೇಕು. ನಾನು ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಸುರಕ್ಷತಾಧಿಕಾರಿ. ಹಿಟ್ಟು ನಾದುವ ಯಂತ್ರಕ್ಕೆ ಯಾರೂ ಬೆರಳು ಕೊಡದಂತೆ, ಒಲೆಯ ವಿಭಾಗದಲ್ಲಿ ಯಾರೂ ಟೋಪಿಯಿಲ್ಲದೆ ಓಡಾಡದಂತೆ ನೋಡಿಕೊಳ್ಳುವವನು. ಪ್ರತಿ ಸೋಮವಾರ ಬೆಳಿಗ್ಗೆ ನೂರನಲವತ್ತು ಜನರನ್ನು ಸಾಲಾಗಿ ನಿಲ್ಲಿಸಿ ಜಾಗರೂಕತೆಯ ಬಗ್ಗೆ ಐದು ನಿಮಿಷ ಗುಡುಗುವವನು. 'ನಿನ್ನ ಕಣ್ಣು ಮುಚ್ಚಿದರೆ ಯಂತ್ರದ ಬಾಯಿ ತೆರೆಯುತ್ತದೆ' ಎಂಬ ಘೋಷವಾಕ್ಯ ಪ್ರತಿ ಗೋಡೆಯ ಮೇಲಿದೆ, ರಚನೆ ನನ್ನದೇ. ಆ ನೂರನಲವತ್ತು ಜನರನ್ನು ಹೊತ್ತ ಕಾರ್ಖಾನೆಯ ಬಸ್ಸುಗಳು ದಿನಕ್ಕೆ ಎರಡು ಸಲ ಹಾದುಹೋಗುವುದು ಯಾವ ಬೀದಿಯಲ್ಲಿ? ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ. ನನ್ನ ಬಾಯಿ ಯಂತ್ರದ ಬಾಯಿಗಿಂತ ದೊಡ್ಡದಾಗಿ ತೆರೆದುಕೊಂಡ ಚಿತ್ರ, ಹಿಂದೆ ದೀಪದ ಬೆಳಕು, ಒಂದು ತಿಂಗಳು.

ಮಂಗಳವಾರ ಹಲ್ಲುಜ್ಜುತ್ತಿದ್ದಾಗ ನನಗೊಂದು ಉಜ್ವಲ ಆಲೋಚನೆ ಬಂತು. (ನನ್ನ ಉಜ್ವಲ ಆಲೋಚನೆಗಳು ಬರುವುದೆಲ್ಲ ಬಾಯಲ್ಲಿ ನೊರೆ ಇದ್ದಾಗ. ಉಗುಳಿ ಹೇಳುವಷ್ಟರಲ್ಲಿ ಅವುಗಳಲ್ಲಿ ಅರ್ಧ ಹೊಳಪು ಹೋಗಿರುತ್ತದೆ, ಅಷ್ಟರಿಂದಲಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.)

"ನೋಡು, ನಿನ್ನ ಕಲೆಗೆ ನಾನು ಅಡ್ಡಿಯಲ್ಲ" ಎಂದೆ. "ಕಿಟಕೀಲಿ ನಾನೇ ಇರ್ತೀನಿ. ಆದ್ರೆ ಎಚ್ಚರವಾಗಿ. ನನ್ನ ಎಚ್ಚರದ ಒಂದು ಚಿತ್ರ ಬರಿ, ಕಣ್ಣು ಮುಚ್ಚಿ ಸಹಿ ಹಾಕ್ತೀನಿ."

ಅವಳು ನನ್ನ ಮುಖವನ್ನು ತುಸು ಹೊತ್ತು ನೋಡಿದಳು. ತರಕಾರಿ ಅಂಗಡಿಯಲ್ಲಿ ಕೊಳ್ಳಬೇಕೋ ಬೇಡವೋ ಎಂದು ಬದನೆಕಾಯಿ ತಿರುಗಿಸಿ ನೋಡುವ ನೋಟ ಅದು.

"ಆಯ್ತು" ಎಂದಳು. "ಆದ್ರೆ ನೀವು ಕೂರಬೇಕಾಗುತ್ತೆ."

"ಕೂರೋದೇನು ಕಷ್ಟ?"

"ನಿಮಗೆ ಅಭ್ಯಾಸ ಇಲ್ಲ, ಅದಕ್ಕಂದೆ. ಇಷ್ಟು ದಿನ ಮಲಗಿಯೇ ಮಾಡಿದೀರಿ."

ಮಂಗಳವಾರ ಸಂಜೆಯೂ ಬುಧವಾರ ಸಂಜೆಯೂ ನಾನು ಕೂತೆ. ಮದುವೆಯ ಕೋಟು ತೆಗೆಸಿದೆ. ಅದರ ಗುಂಡಿಗಳು ನನ್ನ ಹೊಟ್ಟೆಯೊಂದಿಗೆ ಮಾತು ಬಿಟ್ಟು ದಶಕಗಳಾಗಿವೆ, ಬೆನ್ನ ಹಿಂದೆ ಮಗಳು ಕ್ಲಿಪ್ ಹಾಕಿ ರಾಜಿ ಮಾಡಿಸಿದಳು. ಕೈಯಲ್ಲಿ ಒಂದು ದಪ್ಪ ಪುಸ್ತಕ. (ಕಾರ್ಖಾನೆಯ ಬೆಂಕಿ ಆರಿಸುವ ಕ್ರಮಗಳ ಕೈಪಿಡಿ, ಆದರೆ ರಟ್ಟು ನೋಡಿದರೆ ತತ್ತ್ವಶಾಸ್ತ್ರವೆನ್ನಬೇಕು.) ಇನ್ನೊಂದು ಕೈ ಗಲ್ಲದ ಕೆಳಗೆ. ದೃಷ್ಟಿ ದೂರದ ಭವಿಷ್ಯದ ಕಡೆಗೆ, ಅಂದರೆ ನಮ್ಮ ಅಡುಗೆಮನೆಯ ಗಡಿಯಾರದ ಕಡೆಗೆ. ಎಷ್ಟು ಗಟ್ಟಿ ಕಾಫಿ ಕುಡಿದಿದ್ದೆನೆಂದರೆ ರೆಪ್ಪೆ ಬಡಿಯುವುದೂ ಮರೆತುಹೋಗಿತ್ತು. ನಡುನಡುವೆ ಅವಳು, "ಉಸಿರು ಬಿಡಿ" ಎನ್ನುತ್ತಿದ್ದಳು. ಬಿಟ್ಟರೆ ಕ್ಲಿಪ್ ಹಾರುತ್ತದೆಂಬ ಭಯಕ್ಕೆ ನಾನು ಕಂತಿನಲ್ಲಿ ಬಿಡುತ್ತಿದ್ದೆ.

ಚಿತ್ರ ಮುಗಿಯಿತು. ಎಂಥ ಹಣೆ, ಎಂಥ ಹುಬ್ಬು, ಎಂಥ ದೃಢಸಂಕಲ್ಪದ ದವಡೆ! ದೊಡ್ಡ ಸಂಸ್ಥೆಗಳ ಮೆಟ್ಟಿಲ ಬಳಿ, ಕೆಳಗೆ ಹುಟ್ಟಿದ ವರ್ಷ ಕೆತ್ತಿ ನಿಲ್ಲಿಸುತ್ತಾರಲ್ಲ, ಆ ಜಾತಿಯ ಮುಖ. ಮಗಳು ಬಂದು ನೋಡಿ, "ಅಪ್ಪಾ, ನನ್ನಿಂದ ಏನು ತಪ್ಪಾಯ್ತು?" ಎಂದು ಕೇಳಿದಳು. ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಬುಧವಾರವೇ ಮುಚ್ಚುವ ಮುನ್ನ ಹದಿನೈದನೆಯ ಚಿತ್ರ ಗ್ಯಾಲರಿ ತಲುಪಿತು. ಒಡತಿ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಆಮೇಲೆ ಬಹಳ ನಯವಾಗಿ, ಇದನ್ನು ತೀರ್ಮಾನಿಸಬೇಕಾದವರು ನಾವಲ್ಲ, ನೋಡುವವರು ಎಂದರು. ಒಂಬತ್ತನ್ನೂ ಹದಿನೈದನ್ನೂ ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ತೂಗುಹಾಕುವುದು, ಕೆಳಗೆ ಅಭಿಪ್ರಾಯ ಪುಸ್ತಕ ಇಡುವುದು, ಗುರುವಾರ ಶುಕ್ರವಾರ ಎರಡು ದಿನ ಬಂದವರು ಯಾವುದನ್ನು ಕಿಟಕಿಗೆ ಬಯಸುತ್ತಾರೋ ಅದು ಕಿಟಕಿಗೆ. ನಾನು ಸೋತರೆ ಒಂಬತ್ತಕ್ಕೆ ಸಹಿ ಹಾಕಬೇಕು. ನಾನು ಒಪ್ಪಿದೆ. ಬರೀ ಒಪ್ಪಲಿಲ್ಲ, ಕೈ ಕುಲುಕಿ ಒಪ್ಪಿದೆ. ನನ್ನ ಹೆಂಡತಿ ಎರಡು ಚಿತ್ರಗಳ ನಡುವೆ ಎಷ್ಟು ಜಾಗ ಬಿಡಬೇಕೆಂದು ಗೇಣಿನಲ್ಲಿ ಅಳೆದಳು, ಅಷ್ಟೇ.

ಚುನಾವಣೆಯೆಂದ ಮೇಲೆ ಅಭ್ಯರ್ಥಿ ಮನೆಯಲ್ಲಿ ಕೂರಲಾಗದು. ಎರಡು ದಿನ ರಜೆ ಹಾಕಿ ಪ್ರಚಾರಕ್ಕಿಳಿದೆ. ಹತ್ತು ವರ್ಷ ಹೊರಗಿನಿಂದ ಕಂಡ ಗ್ಯಾಲರಿಗಳನ್ನೆಲ್ಲ ಮತಬೇಟೆಗಾಗಿ ಒಳಹೊಕ್ಕು ನೋಡಿದೆ. ಪಕ್ಕದ್ದರಲ್ಲಿ ಸೈಕಲ್ ಚೈನು, ಹಲ್ಲಿನ ಚಕ್ರಗಳಿಂದ ಮಾಡಿದ ಹಕ್ಕಿಗಳಿದ್ದವು. ಕಲಾವಿದರೇ ಇದ್ದರು, ಹೇಗಿದೆ ಎಂದು ಕೇಳಿದರು. ಕೊಕ್ಕುಗಳು ಮಕ್ಕಳ ಕಣ್ಣಿನ ಎತ್ತರಕ್ಕಿವೆ, ತುದಿಗೆ ರಬ್ಬರಿನ ಟೋಪಿ ಹಾಕಿಸಿ ಎಂದೆ. (ವೃತ್ತಿಯ ಚಟ.) ಅವರಿಂದ ಒಂದು ಮತ ಕಳೆದುಕೊಂಡೆ. ಎದುರಿನದರಲ್ಲಿ ಮಣ್ಣಿನ ಬಟ್ಟಲುಗಳು, ಮುಟ್ಟಬೇಡಿ ಎಂಬ ಫಲಕ, ಮುಟ್ಟಿದ ಗುರುತು. ತುದಿಯ ಗ್ಯಾಲರಿಯಲ್ಲಿ ಏಳು ದೊಡ್ಡ ಕ್ಯಾನ್ವಾಸುಗಳು, ಏಳೂ ಪೂರ್ತಿ ಬಿಳಿ. ಅಲ್ಲಿ ಒಬ್ಬನೇ ಒಬ್ಬ ಗಂಭೀರ ವೀಕ್ಷಕನಿದ್ದ. ಬಿಳಿಯ ಮುಂದೆ ತಲೆ ವಾಲಿಸಿ, ಹಿಂದೆ ಸರಿದು, ಮತ್ತೆ ಮುಂದೆ ಬಂದು ನೋಡುತ್ತಿದ್ದ. ಇಂಥ ಸೂಕ್ಷ್ಮಜ್ಞನ ಮತ ಹತ್ತಕ್ಕೆ ಸಮ ಎಂದುಕೊಂಡು ಮಾತಿಗೆಳೆದೆ. ಅವನು ಗೋಡೆಗೆ ಬಣ್ಣ ಹೊಡೆಯುವವನು. ಎಲ್ಲಿಯವರೆಗೆ ಬಳಿದು ಮುಗಿದಿದೆ, ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ ಬೆಳಿಗ್ಗೆಯಿಂದ ನಿಂತಿದ್ದ.

ಅಂತೂ ಹನ್ನೊಂದು ಜನರನ್ನು ಕೂಡಿಸಿ ನಮ್ಮ ಗ್ಯಾಲರಿಗೆ ಕರೆತಂದೆ. ಬಣ್ಣದವನನ್ನೂ ಬಿಡಲಿಲ್ಲ. ನಾನು ಹದಿನೈದರ ಪಕ್ಕದಲ್ಲೇ, ಅದರಂತೆಯೇ ಗಲ್ಲಕ್ಕೆ ಕೈಕೊಟ್ಟು ನಿಂತೆ. ಯಾರಾದರೂ ಹೋಲಿಸಿ ನೋಡಲಿ, ಬೆರಗಾಗಲಿ, ಹಸ್ತಾಕ್ಷರ ಕೇಳಲಿ ಎಂದು ಪೆನ್ನಿನ ಮುಚ್ಚಳವನ್ನೂ ತೆಗೆದಿಟ್ಟುಕೊಂಡಿದ್ದೆ. ಅರ್ಧ ಗಂಟೆ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಎಲ್ಲರೂ ಒಂಬತ್ತರ ಮುಂದೆ ಗುಂಪಾಗಿ ನಿಂತು ಮೆಲ್ಲನೆ ಮಾತಾಡುತ್ತಿದ್ದರು, ಮಗು ಮಲಗಿದ ಮನೆಯಲ್ಲಿ ಮಾತಾಡುವಂತೆ.

ಕಡೆಗೆ ಊರುಗೋಲಿನ ಹಿರಿಯರು ಬಂದರು. ಅವರು ದಿನಾ ಬರುವವರಂತೆ. ಹದಿನೈದರ ಮುಂದೆ ನಿಂತು, ನೆಟ್ಟಗಾಗಿ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ನಾನು ಪೆನ್ನನ್ನು ಸಿದ್ಧವಾಗಿ ಹಿಡಿದೆ. ಕಡೆಗೂ ಒಬ್ಬ ರಸಿಕ ಸಿಕ್ಕಿದ್ದ.

"ಯಾವಾಗ ಹೋದ್ರು?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಯಾರು?"

"ಇವರು."

"ನಾನೇ ಸ್ವಾಮಿ ಅದು."

ಅವರು ನನ್ನ ಭುಜದ ಮೇಲೆ ಕೈಯಿಟ್ಟರು. "ಇರಲಿ. ಹತ್ತಿರದವರು ಹೋದಾಗ ನಮಗೂ ಹಾಗೇ ಅನ್ನಿಸುತ್ತೆ."

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಾನು ಅಭಿಪ್ರಾಯ ಪುಸ್ತಕವನ್ನು ತಿರುವಿ ನೋಡಿದೆ. 'ಎಡಗಡೆಯ ಚಿತ್ರ ನೋಡಿ ನನಗೂ ಆಕಳಿಕೆ ಬಂತು. ಎಷ್ಟೋ ದಿನದ ಮೇಲೆ ನೆಮ್ಮದಿ ಅನ್ನಿಸಿತು' ಎಂದು ಒಬ್ಬರು. 'ಎಡಗಡೆಯವರ ಮನೆ ಎಲ್ಲಿ? ಅಂಥ ಕುರ್ಚಿ ಬೇಕು' ಎಂದು ಇನ್ನೊಬ್ಬರು. 'ಬಲಗಡೆಯವರು ಎಡಗಡೆಯವರ ಅಣ್ಣ ಇರಬೇಕು. ಆಸ್ತಿಯ ಜಗಳ ಇದ್ದಂತಿದೆ' ಎಂದು ಮತ್ತೊಬ್ಬರು. ಬಣ್ಣದವನು ಮಾತ್ರ ಎರಡನ್ನೂ ಬಿಟ್ಟು, ಗೋಡೆಯ ಕೆಲಸ ಅಚ್ಚುಕಟ್ಟಾಗಿದೆ ಎಂದು ಬರೆದಿದ್ದ. ಹದಿನೈದರ ಪರವಾಗಿ ಇದ್ದದ್ದು ಒಂದೇ ಒಂದು: 'ಬಲಗಡೆಯ ಚಿತ್ರ ಅದ್ಭುತ. ವ್ಯಕ್ತಿತ್ವ ಹೊರಹೊಮ್ಮುತ್ತಿದೆ. ಇಂತಿ, ಒಬ್ಬ ಕಲಾಭಿಮಾನಿ.' ಅದನ್ನು ನೋಡಿ ಮಗಳು, "ಅಪ್ಪಾ, ಎಡಗೈಲಿ ಬರೆದ್ರೂ ನಿಮ್ಮ 'ವ್ಯ' ನಿಮ್ಮದೇ" ಎಂದಳು. ನಾನು ಮತದಾನ ಗೌಪ್ಯವಾಗಿರಬೇಕೆಂದು ನೆನಪಿಸಿದೆ.

ಆಗ ಬಾಗಿಲು ತಳ್ಳಿಕೊಂಡು ನಮ್ಮ ಕಾರ್ಖಾನೆಯ ಒಲೆ ವಿಭಾಗದ ಮೇಸ್ತ್ರಿ ಬಂದ. ಜೊತೆಗೆ ಅವನ ಹೆಂಡತಿ, ಕೈಯಲ್ಲಿ ಪೇಟೆಯ ಚೀಲ. ನಾನು ಕರಪತ್ರವನ್ನು ಮುಖಕ್ಕೆ ಹಿಡಿದು ಕಂಬದ ಹಿಂದೆ ಸೇರಿದೆ.

ಇಬ್ಬರೂ ಒಂಬತ್ತರ ಮುಂದೆ ನಿಂತರು. ಮೇಸ್ತ್ರಿ ನಕ್ಕ. ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಲ್ಲಿ ನಾನು ಆ ನಗು ಕಂಡಿರಲಿಲ್ಲ.

"ನೋಡೇ, ಇವರು ನಮ್ಮ ಸೇಫ್ಟಿ ಸಾಹೇಬ್ರ ಥರಾನೇ ಇದಾರೆ."

"ಅವರೇ ಇರಬೋದು."

"ಅವರಲ್ಲ ಬಿಡು. ಇವರ್ಯಾರೋ, ಪಾಪ, ಒಳ್ಳೆಯವರು."

ಒಂದು ಹೆಜ್ಜೆ ಬಲಕ್ಕೆ ಸರಿದ. ಹದಿನೈದರ ಮೇಲೆ ಅವನ ಕಣ್ಣು ಬಿತ್ತು. ಮೇಸ್ತ್ರಿಯ ಬೆನ್ನು ನೆಟ್ಟಗಾಯಿತು, ನಗು ಆರಿತು, ಬಲಗೈ ತಾನಾಗಿ ಮೇಲೆದ್ದು ತಲೆಯ ಮೇಲೆ ಟೋಪಿ ಇದೆಯೇ ಎಂದು ತಡವಿ ನೋಡಿತು. ಎರಡು ದಿನದಲ್ಲಿ ಹದಿನೈದನೆಯ ಚಿತ್ರವನ್ನು ಗುರುತಿಸಿದ ಏಕೈಕ ವ್ಯಕ್ತಿ ಅವನು. "ನಡಿ, ನಡಿ" ಎಂದು ಹೆಂಡತಿಯನ್ನು ಹೊರಡಿಸಿದ. ಹೋಗುವ ಮುಂಚೆ ಅವಳು ಪುಸ್ತಕದಲ್ಲಿ ಒಂದು ಸಾಲು ಬರೆದಳು. ಅವರು ಹೋದ ಮೇಲೆ ಹೋಗಿ ಓದಿದೆ: 'ಎಡಗಡೆಯವರನ್ನು ದಯವಿಟ್ಟು ನಮ್ಮ ಯಜಮಾನರ ಕಾರ್ಖಾನೆಗೆ ಕಳಿಸಿಕೊಡಿ.'

ಗ್ಯಾಲರಿ ಖಾಲಿಯಾಯಿತು. ನಾನು ಒಬ್ಬನೇ ಒಂಬತ್ತರ ಮುಂದೆ ನಿಂತೆ. ಅಲ್ಲಿಯವರೆಗೆ ನಾನು ಅದರಲ್ಲಿ ನೋಡಿದ್ದು ನನ್ನ ಬಾಯಿ ಮತ್ತು ಬನಿಯನ್ನಿನ ತೂತು ಎರಡೇ. ಈಗ ನೋಡಿದರೆ ಮೂಲೆಯಲ್ಲಿ ನಮ್ಮ ನಡುಮನೆಯ ಕಿಟಕಿಯಿತ್ತು. ಪರದೆಯನ್ನು ಮುಕ್ಕಾಲು ಎಳೆದಿತ್ತು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ನಡೆದುಬಂದು, ಕುರ್ಚಿ ಹತ್ತಿ, ನನ್ನ ಗಲ್ಲದ ತನಕ ಬಂದು ಅಲ್ಲಿಗೆ ನಿಂತಿತ್ತು, ಕಣ್ಣಿಗೆ ಬೀಳದ ಹಾಗೆ. ಒಂದರಿಂದ ಹದಿನಾಲ್ಕರ ತನಕ ಮತ್ತೊಂದು ಸುತ್ತು ಹಾಕಿ ಬಂದೆ. ಎಲ್ಲದರಲ್ಲೂ ಪರದೆ ಅಷ್ಟೇ ಲೆಕ್ಕವಾಗಿ ಎಳೆದಿತ್ತು. ಭಾನುವಾರ ನಾನು ಮಲಗುವಾಗ ಪರದೆ ತೆರೆದೇ ಇರುತ್ತದೆ, ಏಳುವಾಗ ಎಳೆದಿರುತ್ತದೆ. ಇಪ್ಪತ್ತಾರು ವರ್ಷದಲ್ಲಿ ಅದು ಹೇಗಾಗುತ್ತದೆ ಎಂದು ನಾನು ಯೋಚಿಸಿರಲೇ ಇಲ್ಲ. ಗಾಳಿಗೆ ಇರಬೇಕು ಎಂದುಕೊಂಡಿದ್ದೆನೋ ಏನೋ.

ಒಡತಿ ಮೇಜಿನ ಮೇಲೆ ಕಾಗದ ಇಟ್ಟರು. ನಾನು ಸಹಿ ಹಾಕಿದೆ. ಕಣ್ಣು ತೆರೆದೇ ಹಾಕಿದೆ.

ಹದಿನೈದನೆಯದು ಅದೇ ಸಂಜೆ ಮನೆಗೆ ವಾಪಸಾಯಿತು. ನಡುಮನೆಯಲ್ಲಿಟ್ಟರೆ ಊಟ ಸೇರುವುದಿಲ್ಲ ಎಂದು ಮಗಳು ಅದನ್ನು ಉಗ್ರಾಣದ ಬಾಗಿಲಿಗೆ ತೂಗುಹಾಕಿದಳು. ಇಲಿಗಳ ಕಾಟ ತಗ್ಗಿದೆಯಂತೆ.

ಶನಿವಾರ ಬೆಳಿಗ್ಗೆ ಒಂಬತ್ತು ಕಿಟಕಿಗೇರಿತು. ಸೋಮವಾರದ ಗುಡುಗಿನ ಗತಿಯೇನು ಎಂಬ ಚಿಂತೆ ನನಗಿತ್ತು. ಉತ್ತರಕ್ಕಾಗಿ ಸೋಮವಾರದವರೆಗೆ ಕಾಯಬೇಕಾಗಲಿಲ್ಲ. ನಾನು, ಹೆಂಡತಿ, ಮಗಳು ಮೂವರೂ ಎದುರಿನ ಪಾದಚಾರಿ ದಾರಿಯಲ್ಲಿ ನಿಂತಿದ್ದೆವು. ಕಾರ್ಖಾನೆಯ ಬಸ್ಸು ಬಂತು. ಕಿಟಕಿಯ ಮುಂದೆ ನಿಧಾನವಾಯಿತು. ಒಂದು ಬದಿಯ ಸೀಟಿನವರೆಲ್ಲ ಎದ್ದು ಇನ್ನೊಂದು ಬದಿಗೆ ವಾಲಿದರು. (ಚಲಿಸುವ ವಾಹನದಲ್ಲಿ ಎದ್ದು ನಿಲ್ಲಬಾರದೆಂದು ನಾನು ಹನ್ನೆರಡು ವರ್ಷದಿಂದ ಹೇಳುತ್ತಿದ್ದೇನೆ.) ಯಾರೋ ಒಬ್ಬರು ನಾನು ನಿಂತಿರುವುದನ್ನು ಕಂಡು ಬೆರಳು ತೋರಿಸಿದರು. ಮರುಕ್ಷಣ ಬಸ್ಸಿನ ಅಷ್ಟೂ ಕಿಟಕಿಗಳಿಂದ ಕೈಗಳು ಹೊರಬಂದು ನನಗೆ ಬೀಸತೊಡಗಿದವು. ಅದೂ ನಿಯಮಕ್ಕೆ ವಿರುದ್ಧವೇ. ನಾನೂ ಕೈ ಬೀಸಿದೆ.

ನನ್ನ ಹೆಂಡತಿ ಬಸ್ಸನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯನ್ನೇ ನೋಡುತ್ತಿದ್ದಳು. ನಾಲ್ಕು ಅಂಚಿಗೂ ಚಿತ್ರ ಸರಿಯಾಗಿ ಕೂತಿತ್ತು. ಅವಳ ಮುಖದಲ್ಲಿದ್ದ ಬೆಳಕನ್ನು ಬರೆಯಲು ಮನೆಯಲ್ಲಿ ಇನ್ನೊಬ್ಬ ಕಲಾವಿದನಿರಬೇಕಿತ್ತು. ಇರುವವನು ಬಿಸ್ಕತ್ತು ಕಾರ್ಖಾನೆಯವನು.

ಎರಡು ದಿನದಿಂದ ಒಂದು ಪ್ರಶ್ನೆ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಇಂಥ ಸುಮುಹೂರ್ತದಲ್ಲಿ ಕೇಳಿದರೆ ಮೃದುವಾದ ಉತ್ತರ ಬರಬಹುದೆಂದು ಲೆಕ್ಕ ಹಾಕಿದೆ.

"ನಿಜ ಹೇಳು. ಎಚ್ಚರವಾಗಿದ್ದಾಗ ನಾನು ಆ ಹದಿನೈದರ ಥರಾನೇ ಇರ್ತೀನಾ?"

ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲಪ್ಪ. ಅದರಲ್ಲಿ ನಾನೇ ಸ್ವಲ್ಪ ನಗು ಸೇರಿಸಿದ್ದೆ."